ಸನ್ ಔಟೇಜ್: ಏಣಿ ಹತ್ತುವ ಮೊದಲು ನೋಡಬೇಕಾದದ್ದು

ಮಾರ್ಚ್ ಎರಡನೆಯ ವಾರ, ಮಧ್ಯಾಹ್ನ ಹನ್ನೆರಡರ ಹೊತ್ತು. ಬಿಸಿಲು ಚುರುಗುಟ್ಟುತ್ತಿದೆ, ಮೋಡದ ಸುಳಿವಿಲ್ಲ. ಉಪಗ್ರಹದ ಚಾನೆಲ್‌ಗಳನ್ನು ಹಿಡಿದು ಮನೆಗಳಿಗೆ ಹಂಚುವ ಕೇಬಲ್ ಹೆಡ್‌ಎಂಡ್‌ನಲ್ಲಿ ಒಂದೇ ಉಪಗ್ರಹದಿಂದ ಬರುವ ಅಷ್ಟೂ ಚಾನೆಲ್‌ಗಳ ಚಿತ್ರ ಚೌಕ ಚೌಕವಾಗಿ ಒಡೆಯುತ್ತದೆ, ಮಾತು ತುಂಡಾಗುತ್ತದೆ, ಕೊನೆಗೆ ಪರದೆ ಕಪ್ಪಾಗುತ್ತದೆ. ಎಂಟು ಹತ್ತು ನಿಮಿಷ ಕಳೆದರೆ ಯಾರೂ ಮುಟ್ಟದೆ ಎಲ್ಲವೂ ಮೊದಲಿನಂತೆ. ಮರುದಿನ ಹೆಚ್ಚುಕಡಿಮೆ ಅದೇ ಗಳಿಗೆಗೆ ಮತ್ತೆ ಅದೇ ತೊಂದರೆ. ತೀರ್ಥಹಳ್ಳಿ ಕಡೆಯಿಂದಲೋ ಸಾಗರದಿಂದಲೋ ಫೋನ್ ಬರುತ್ತದೆ: “ಎಲ್‌ಎನ್‌ಬಿ ಹೋಗಿರಬೇಕು ಮಾರಾಯರೇ, ಹೊಸದೊಂದು ಬಸ್ಸಿಗೆ ಹಾಕಿ ಕಳುಹಿಸಿ. ನಮ್ಮ ಹುಡುಗ ಆಗಲೇ ಏಣಿ ಹತ್ತಿದ್ದಾನೆ.” ಎಲ್‌ಎನ್‌ಬಿ ಎಂದರೆ ಡಿಶ್‌ನ ಮುಂದೆ ಕೂತು ಸಿಗ್ನಲ್ ಹಿಡಿದು ಕೇಬಲ್‌ಗೆ ಕಳುಹಿಸುವ ಪೆಟ್ಟಿಗೆ.

“ಮೊದಲು ಅವನನ್ನು ಕೆಳಗಿಳಿಸಿ, ಕೈಯಿಂದ ಸ್ಪ್ಯಾನರ್ ಇಸಿದುಕೊಳ್ಳಿ. ಉಳಿದದ್ದು ಆಮೇಲೆ ಮಾತಾಡೋಣ” ಎನ್ನುತ್ತೇನೆ.

ಉಪಗ್ರಹದ ಹಿಂದೆ ಸೂರ್ಯ ಬಂದು ಚಾನೆಲ್ ಹೋಗುವ ಈ ತೊಂದರೆಯೇ ಸನ್ ಔಟೇಜ್. ಇದರಿಂದ ಡಿಶ್ ಕೆಡುವುದಿಲ್ಲ. ಅದನ್ನು ರಿಪೇರಿ ಮಾಡಲು ಹೋದವರಿಂದ ಕೆಡುತ್ತದೆ. ಆ ಹತ್ತು ನಿಮಿಷದಲ್ಲಿ ಡಿಶ್ಶನ್ನು ಎತ್ತ ತಿರುಗಿಸಿದರೂ ಚಾನೆಲ್ ಬರುವುದಿಲ್ಲ. ತಿರುಗಿಸುತ್ತಿರುವಾಗಲೇ ಸೂರ್ಯ ಸರಿದುಬಿಡುತ್ತಾನೆ, ಆದರೆ ಅಷ್ಟರಲ್ಲಿ ಡಿಶ್ ತನ್ನ ಗುರಿ ಬಿಟ್ಟು ಹೋಗಿರುತ್ತದೆ. ತಾನಾಗಿ ವಾಸಿಯಾಗುವ ತೊಂದರೆ ಹೀಗೆ ಎರಡು ದಿನದ ದುರಸ್ತಿಯಾಗುತ್ತದೆ. ಆದ್ದರಿಂದ ಈ ಬರಹದ ಬಹುಪಾಲು, ಡಿಶ್ ಮುಟ್ಟದೆ ನಡೆಸಬಹುದಾದ ಪರೀಕ್ಷೆಗಳ ಬಗ್ಗೆಯೇ ಇದೆ.

ಏನು ನಡೆಯುತ್ತಿದೆ

ಭೂಸ್ಥಿರ ಉಪಗ್ರಹ ಸಮಭಾಜಕ ವೃತ್ತದ ನೇರ ಮೇಲೆ, 35,786 ಕಿಲೋಮೀಟರ್ ಎತ್ತರದಲ್ಲಿದೆ. ನಮ್ಮ ಡಿಶ್ ವರ್ಷವಿಡೀ ಆಕಾಶದ ಆ ಒಂದೇ ಬಿಂದುವನ್ನು ನೋಡುತ್ತಿರುತ್ತದೆ. ವರ್ಷದಲ್ಲಿ ಎರಡು ಬಾರಿ ಸೂರ್ಯನ ದಾರಿ ಆ ಬಿಂದುವಿನ ಮೇಲೆ ಹಾಯುತ್ತದೆ. ಆಗ ಉಪಗ್ರಹದ ಹಿಂದೆ ಸರಿಯಾಗಿ ಸೂರ್ಯ ಬಂದು ನಿಲ್ಲುತ್ತಾನೆ. ಸೂರ್ಯನಿಂದ ಬೆಳಕಷ್ಟೇ ಅಲ್ಲ, ರೇಡಿಯೊ ಅಲೆಗಳೂ ಹೊಮ್ಮುತ್ತವೆ. ಇಂತಹ ಗದ್ದಲವನ್ನು ಉಷ್ಣತೆಯ ಲೆಕ್ಕದಲ್ಲಿ, ಕೆಲ್ವಿನ್‌ನಲ್ಲಿ ಅಳೆಯುತ್ತಾರೆ. ದೊಡ್ಡ ಡಿಶ್‌ಗಳು ಹಿಡಿಯುವ ಸಿ ಬ್ಯಾಂಡ್ ಎಂಬ ಆವರ್ತನ ಪಟ್ಟಿಯಲ್ಲಿ ಅಳೆದರೆ ಆ ಗದ್ದಲ ಹತ್ತು ಸಾವಿರ ಕೆಲ್ವಿನ್‌ಗೂ ಮೀರಿದ ಉಷ್ಣತೆಯ ವಸ್ತುವಿನದು. ಒಳ್ಳೆಯ ಡಿಶ್ ಮತ್ತು ಎಲ್‌ಎನ್‌ಬಿ ಸೇರಿ ಉಳಿದ ದಿನಗಳಲ್ಲಿ ಕಾಣುವ ಗದ್ದಲ ನೂರು ಕೆಲ್ವಿನ್‌ನ ಆಸುಪಾಸಿನದು. ಅಕ್ಕಿ ಗಿರಣಿಯ ಮಗ್ಗುಲಲ್ಲಿ ನಿಂತವನಿಗೆ ಪಕ್ಕದವನ ಮಾತು ಕೇಳಿಸದು. ಪಕ್ಕದವನು ಮೆಲ್ಲಗೇನೂ ಮಾತನಾಡುತ್ತಿಲ್ಲ, ಗಿರಣಿಯ ಸದ್ದು ಅದನ್ನು ನುಂಗುತ್ತಿದೆ, ಅಷ್ಟೇ. ಮುಂದಿನ ಪರೀಕ್ಷೆಗಳೆಲ್ಲ ನಿಂತಿರುವುದು ಇದೇ ವ್ಯತ್ಯಾಸದ ಮೇಲೆ.

ಹಗಲು ರಾತ್ರಿ ಸಮವಾಗುವ ಮಾರ್ಚ್ 20ರಂದೇ ಇದು ಆಗಬೇಕಲ್ಲವೇ ಎಂದು ಹಲವರು ಕೇಳುತ್ತಾರೆ. ಸಮಭಾಜಕ ವೃತ್ತದ ಮೇಲೆ ನಿಂತವರಿಗೆ ಹಾಗೆಯೇ. ಶಿವಮೊಗ್ಗ ಅದರಿಂದ ಸುಮಾರು 14 ಡಿಗ್ರಿ ಉತ್ತರಕ್ಕಿರುವುದರಿಂದ ಉಪಗ್ರಹ ನಮಗೆ ಖಗೋಳದ ಸಮಭಾಜಕಕ್ಕಿಂತ ಸುಮಾರು 2.4 ಡಿಗ್ರಿ ದಕ್ಷಿಣಕ್ಕೆ ಸರಿದಂತೆ ಕಾಣುತ್ತದೆ. ಆ ದಿನಗಳಲ್ಲಿ ಸೂರ್ಯ ದಿನಕ್ಕೆ 0.4 ಡಿಗ್ರಿಯಂತೆ ಉತ್ತರಕ್ಕೋ ದಕ್ಷಿಣಕ್ಕೋ ಸರಿಯುತ್ತಾನೆ. ಹಾಗಾಗಿ ನಮ್ಮಲ್ಲಿ ಔಟೇಜ್‌ನ ನಟ್ಟ ನಡುವಿನ ದಿನ ಮಾರ್ಚ್ 14ರ ಸುಮಾರಿಗೆ, ಇನ್ನೊಮ್ಮೆ ಸೆಪ್ಟೆಂಬರ್ 28 ಅಥವಾ 29ಕ್ಕೆ ಬೀಳುತ್ತದೆ. ಪಂಚಾಂಗ ನೋಡುವ ಮನೆಯವರಿಗೆ ನೆನಪಿಡುವುದು ಸುಲಭ: ಮೊದಲನೆಯದು ಮೀನ ಸಂಕ್ರಮಣದ ಹೊತ್ತಿಗೆ, ಎರಡನೆಯದು ಹಸ್ತ ಮಳೆ ಹಿಡಿಯುವ ಹೊತ್ತಿಗೆ. ಹಬ್ಬವನ್ನು ಮಾತ್ರ ಗುರುತಾಗಿ ಇಟ್ಟುಕೊಳ್ಳಬೇಡಿ. ಕೆಲವು ವರ್ಷ ಆಗ ಪಿತೃಪಕ್ಷ ನಡೆಯುತ್ತಿರುತ್ತದೆ, ಕೆಲವು ವರ್ಷ ನವರಾತ್ರಿ. ಚಂದ್ರನ ತಿಥಿಗೂ ಇದಕ್ಕೂ ಸಂಬಂಧವಿಲ್ಲ.

ಮೊದಲ ಪರೀಕ್ಷೆ: ಗಡಿಯಾರ

ಸೂರ್ಯ ಪೂರ್ವದಿಂದ ಪಶ್ಚಿಮಕ್ಕೆ ಸಾಗುವವನು. ಆದ್ದರಿಂದ ಪೂರ್ವದ ಉಪಗ್ರಹಗಳಿಗೆ ಔಟೇಜ್ ಮೊದಲು, ಪಶ್ಚಿಮದವಕ್ಕೆ ಆಮೇಲೆ. ಶಿವಮೊಗ್ಗಕ್ಕೆ ಲೆಕ್ಕ ಹಾಕಿದರೆ, ನಡುವಿನ ದಿನದ ನಡುವಿನ ಗಳಿಗೆ ಹೀಗೆ ಬರುತ್ತದೆ:

105.5 ಡಿಗ್ರಿ ಪೂರ್ವ, ಏಷ್ಯಾಸ್ಯಾಟ್-7: ಮಾರ್ಚ್‌ನಲ್ಲಿ 10:18, ಸೆಪ್ಟೆಂಬರ್‌ನಲ್ಲಿ 9:59
93.5 ಡಿಗ್ರಿ, ಡಿಡಿ ಫ್ರೀ ಡಿಶ್ ಬರುವ ಜಿಸ್ಯಾಟ್-15: 11:13 ಮತ್ತು 10:54
83 ಡಿಗ್ರಿ, ಜಿಸ್ಯಾಟ್-30: 12:02 ಮತ್ತು 11:43
68.5 ಡಿಗ್ರಿ, ಇಂಟೆಲ್‌ಸ್ಯಾಟ್-20: 1:10 ಮತ್ತು 12:51
55 ಡಿಗ್ರಿ, ಜಿಸ್ಯಾಟ್-16: 2:13 ಮತ್ತು 1:54

ಒಂದೆರಡು ನಿಮಿಷದ ಹಿಂದುಮುಂದು ಲೆಕ್ಕಕ್ಕಿಲ್ಲ. ಇದೇ ಪಟ್ಟಿ ಶಿರಸಿಯಿಂದ ಮೂಡಿಗೆರೆಯವರೆಗೆ ನಡೆಯುತ್ತದೆ. ಪೂರ್ವ ಪಶ್ಚಿಮವಾಗಿ ನೂರು ಕಿಲೋಮೀಟರ್ ಸರಿದರೂ ಭಾರತೀಯ ಕಾಲಮಾನದಲ್ಲಿ ಗಳಿಗೆ ಒಂದು ನಿಮಿಷವೂ ಬದಲಾಗುವುದಿಲ್ಲ. ದಿನಾಂಕ ಒಂದು ದಿನ ಸರಿಯಬೇಕಾದರೆ ಉತ್ತರ ದಕ್ಷಿಣವಾಗಿ ಸುಮಾರು 250 ಕಿಲೋಮೀಟರ್ ಹೋಗಬೇಕು. ಮಾರ್ಚ್‌ಗೂ ಸೆಪ್ಟೆಂಬರ್‌ಗೂ ಇರುವ ಹತ್ತೊಂಬತ್ತು ನಿಮಿಷದ ಅಂತರ, ವರ್ಷದುದ್ದಕ್ಕೂ ಸೂರ್ಯ ನಡು ನೆತ್ತಿಗೆ ಬರುವ ಹೊತ್ತು ಹಿಂದೆ ಮುಂದೆ ಆಗುವುದರಿಂದ ಬರುತ್ತದೆ.

ಹೆಡ್‌ಎಂಡ್‌ನಲ್ಲಿ ಮೂರು ನಾಲ್ಕು ಡಿಶ್‌ಗಳಿದ್ದರೆ ಈ ಸರದಿಯೇ ಅತ್ಯಂತ ಬಲವಾದ ಸಾಕ್ಷಿ. ಪೂರ್ವದ ಡಿಶ್ ಬಿದ್ದು ಎದ್ದಿತು, ಮುಕ್ಕಾಲು ಗಂಟೆಯ ಮೇಲೆ ಪಕ್ಕದ್ದು ಬಿದ್ದಿತು, ಅದರ ನಂತರ ಪಶ್ಚಿಮದ್ದು. ಹೀಗೆ ಸಾಲು ಹಿಡಿದು ಕೆಡುವ ಎಲ್‌ಎನ್‌ಬಿ ಲೋಕದಲ್ಲಿಲ್ಲ. ಎಲ್ಲ ಡಿಶ್‌ಗಳೂ ಒಟ್ಟಿಗೆ ಹೋದರೆ ಸೂರ್ಯನನ್ನು ಬಿಟ್ಟು ಕರೆಂಟ್, ಯುಪಿಎಸ್ ಕಡೆ ನೋಡಿ.

ಅವಧಿಯೂ ಮಾತನಾಡುತ್ತದೆ. ಸೂರ್ಯ ಒಂದು ಡಿಗ್ರಿ ಸಾಗಲು ನಾಲ್ಕು ನಿಮಿಷ ಬೇಕು. ಸಿ ಬ್ಯಾಂಡ್‌ನಲ್ಲಿ 2.4 ಮೀಟರ್ ಡಿಶ್‌ನ ನೋಟದ ಅಗಲ ಸುಮಾರು 2.2 ಡಿಗ್ರಿ, ಸೂರ್ಯನ ಅರ್ಧ ಡಿಗ್ರಿ ಸೇರಿಸಿದರೆ ಹೆಚ್ಚೆಂದರೆ ಹನ್ನೊಂದು ನಿಮಿಷ, ಒಂದು ವಾರ. 3.6 ಮೀಟರ್ ಡಿಶ್‌ಗೆ ಎಂಟು ನಿಮಿಷ, ಐದು ದಿನ. ಮೊದಲ ದಿನ ಒಂದೆರಡು ನಿಮಿಷ ಚಿತ್ರ ನಡುಗುತ್ತದೆ, ದಿನದಿಂದ ದಿನಕ್ಕೆ ಹೆಚ್ಚುತ್ತದೆ, ನಡುವಿನ ದಿನ ಪೂರ್ತಿ ಹೋಗುತ್ತದೆ, ಮತ್ತೆ ಅದೇ ರೀತಿ ಇಳಿಯುತ್ತದೆ. ಮನೆಯ ಮೇಲಿನ 60 ಸೆಂಟಿಮೀಟರ್ ಕೆಯು ಬ್ಯಾಂಡ್ (ಸಿ ಬ್ಯಾಂಡ್‌ಗಿಂತ ಹೆಚ್ಚಿನ ಆವರ್ತನದ ಪಟ್ಟಿ) ಡಿಶ್‌ನ ನೋಟ ಮೂರು ಡಿಗ್ರಿಗಿಂತ ಅಗಲ. ಸೂರ್ಯ ಅದರ ಒಂದು ಸಣ್ಣ ಮೂಲೆಯನ್ನಷ್ಟೇ ತುಂಬುತ್ತಾನೆ. ಆದ್ದರಿಂದ ಅಲ್ಲಿ ಕುಸಿತ ಹೆಚ್ಚು ಹೊತ್ತು ಇರುತ್ತದೆ, ಆದರೆ ಆಳವಿರುವುದಿಲ್ಲ. ಗುರಿ ಸರಿಯಿದ್ದರೆ ಮನೆಯವರಿಗೆ ಗೊತ್ತಾಗದೆಯೂ ಹೋಗಬಹುದು.

ಎರಡನೆಯ ಪರೀಕ್ಷೆ: ಎರಡು ಅಂಕಿ

ರಿಸೀವರ್‌ನ ಮೆನುವಿನಲ್ಲಿ ಸ್ಟ್ರೆಂತ್, ಕ್ವಾಲಿಟಿ ಎಂಬ ಎರಡು ಪಟ್ಟಿಗಳಿರುತ್ತವೆ. ವೃತ್ತಿಪರ ರಿಸೀವರ್‌ನಲ್ಲಿ ಲೆವೆಲ್ ಮತ್ತು ಸಿ/ಎನ್ (ಗದ್ದಲಕ್ಕೆ ಹೋಲಿಸಿದರೆ ಸಿಗ್ನಲ್ ಎಷ್ಟು ಎಂಬುದು) ಎಂದಿರುತ್ತದೆ. ಎಷ್ಟೋ ಮಂದಿ ಮೊದಲನೆಯದನ್ನು ಮಾತ್ರ ನೋಡಿ “ಸಿಗ್ನಲ್ ಫುಲ್ ಇದೆ, ರಿಸೀವರೇ ಹೋಗಿದೆ” ಎಂದುಬಿಡುತ್ತಾರೆ. ಎರಡನ್ನೂ ಒಟ್ಟಿಗೆ ನೋಡಿ.

ಸ್ಟ್ರೆಂತ್ ಎಂದರೆ ಕೇಬಲ್‌ನಲ್ಲಿ ಬರುತ್ತಿರುವ ಒಟ್ಟು ಶಕ್ತಿ. ಅದು ಚಾನೆಲ್‌ನದೋ ಗದ್ದಲದ್ದೋ ಎಂದು ಆ ಅಳತೆಗೆ ತಿಳಿಯದು. ಔಟೇಜ್ ಸಮಯದಲ್ಲಿ ಉಪಗ್ರಹದ ಶಕ್ತಿ ಇದ್ದಷ್ಟೇ ಇರುತ್ತದೆ, ಸೂರ್ಯನದು ಬಂದು ಸೇರುತ್ತದೆ. ಆದ್ದರಿಂದ ಸ್ಟ್ರೆಂತ್ ಇಳಿಯುವುದಿಲ್ಲ. ಒಂದೆರಡು ಡೆಸಿಬೆಲ್ ಏರುವುದೂ ಉಂಟು. ಕ್ವಾಲಿಟಿ ಮಾತ್ರ ಕುಸಿಯುತ್ತದೆ. 2.4 ಮೀಟರ್ ಡಿಶ್‌ನಲ್ಲಿ ನಡುವಿನ ದಿನ ಹತ್ತು ಡೆಸಿಬೆಲ್‌ನಷ್ಟು ಕುಸಿತ ಕಾಣಬಹುದು, ಮೂರು ನಾಲ್ಕು ನಿಮಿಷ ಮೆಲ್ಲಗೆ ಇಳಿದು, ತಳ ಮುಟ್ಟಿ, ಅದೇ ವೇಗದಲ್ಲಿ ಮೇಲೇರುತ್ತದೆ. ಏರುವ ಸ್ಟ್ರೆಂತ್, ಬೀಳುವ ಕ್ವಾಲಿಟಿ, ಇಳಿತಕ್ಕೂ ಏರಿಕೆಗೂ ಒಂದೇ ಆಕಾರ. ಈ ಮೂರು ಸೇರಿದರೆ ಬೇರೆ ಯೋಚನೆಯೇ ಬೇಡ.

ಮಳೆಯಿಂದಾದರೆ ಎರಡೂ ಅಂಕಿ ಇಳಿಯುತ್ತವೆ. ಕನೆಕ್ಟರ್‌ಗೆ ನೀರು ಹೊಕ್ಕಿದ್ದರೂ ಹಾಗೆಯೇ. ಎಲ್‌ಎನ್‌ಬಿ ಸತ್ತಿದ್ದರೆ ಅಥವಾ ಕೇಬಲ್ ತುಂಡಾಗಿದ್ದರೆ ಸ್ಟ್ರೆಂತ್ ಒಮ್ಮೆಲೇ ತಳ ಹಿಡಿಯುತ್ತದೆ, ತಾನಾಗಿ ಮೇಲೇಳುವುದಿಲ್ಲ.

ಅನುಮಾನ ಉಳಿದರೆ ನೆರಳು ನೋಡಿ. ಸಿ ಬ್ಯಾಂಡ್‌ನ ದುಂಡು ಡಿಶ್‌ನಲ್ಲಿ, ಡಿಶ್ ಒಟ್ಟುಗೂಡಿಸಿದ ಅಲೆಗಳನ್ನು ಹಿಡಿದು ಎಲ್‌ಎನ್‌ಬಿಗೆ ಕೊಡುವ ಫೀಡ್ ನಡುವೆ ನಿಂತಿರುತ್ತದೆ. ಬೆಳಿಗ್ಗೆಯಿಂದ ಡಿಶ್‌ನ ಅಂಚಿನಲ್ಲಿ ತೆವಳುತ್ತಿದ್ದ ಫೀಡ್‌ನ ನೆರಳು ಔಟೇಜ್‌ನ ನಡುವಿನ ಗಳಿಗೆಯಲ್ಲಿ ಡಿಶ್‌ನ ನಟ್ಟ ನಡುವೆ ಬಂದು ಕೂರುತ್ತದೆ, ಮೂರು ಕಾಲುಗಳ ನೆರಳು ಅದರ ಸುತ್ತ ಸಮವಾಗಿ ಹರಡುತ್ತದೆ. ಆ ಕ್ಷಣದಲ್ಲಿ ರಿಸೀವರ್‌ನ ಕ್ವಾಲಿಟಿ ಸೊನ್ನೆ. ಒಮ್ಮೆ ಹುಡುಗರಿಗೆ ಇದನ್ನು ತೋರಿಸಿದರೆ ಅವರು ಮರೆಯುವುದಿಲ್ಲ. ಕೆಯು ಬ್ಯಾಂಡ್‌ನ ಆಫ್‌ಸೆಟ್ ಡಿಶ್‌ನಲ್ಲಿ ಎಲ್‌ಎನ್‌ಬಿ ಕೆಳಗಡೆ ಇರುವುದರಿಂದ ನೆರಳು ನಡುವೆ ಬೀಳುವುದಿಲ್ಲ, ಅಲ್ಲಿ ಈ ಪರೀಕ್ಷೆ ನಡೆಯದು. ನೆರಳನ್ನು ನೋಡಿ, ಸೂರ್ಯನನ್ನು ನೋಡಬೇಡಿ.

ಮಲೆನಾಡಿನಲ್ಲಿ ದಾರಿ ತಪ್ಪಿಸುವ ಸಂಗತಿಗಳು

ಸೆಪ್ಟೆಂಬರ್‌ನ ಔಟೇಜ್ ಹೆಚ್ಚು ಮೋಸ ಮಾಡುತ್ತದೆ. ವರ್ಷಕ್ಕೆ 7,000 ಮಿಲಿಮೀಟರ್ ಮೀರಿ ಮಳೆ ಸುರಿಯುವ ಆಗುಂಬೆಯ ಸುತ್ತಲಿನವರು ಮೋಡ ಕವಿದ ದಿನ ಚಾನೆಲ್ ಹೋದರೆ ಮಳೆಯನ್ನೇ ಬೈಯುತ್ತಾರೆ, ಅದು ಸಹಜ. ಆದರೆ ಮೋಡ ಸೂರ್ಯನ ಬೆಳಕನ್ನು ಮರೆಮಾಡಿದರೂ ಅವನ ರೇಡಿಯೊ ಗದ್ದಲವನ್ನು ತಡೆಯುವುದಿಲ್ಲ. ಬಿಸಿಲೇ ಕಾಣದ ದಿನವೂ ಔಟೇಜ್ ಸರಿಯಾದ ಹೊತ್ತಿಗೆ ಬರುತ್ತದೆ. ಮಳೆ ಕೆಯು ಬ್ಯಾಂಡ್ ಡಿಶ್‌ಗಳನ್ನು ಬಹಳ ಕಾಡುತ್ತದೆ, ಸಿ ಬ್ಯಾಂಡನ್ನು ಅಷ್ಟಾಗಿ ಕಾಡುವುದಿಲ್ಲ. ಆದ್ದರಿಂದ ಸಿ ಬ್ಯಾಂಡ್ ಡಿಶ್ ಮಾತ್ರ ಬಿದ್ದು, ಪಕ್ಕದ ಮನೆಯ ಸಣ್ಣ ಡಿಶ್ ನಡೆಯುತ್ತಿದ್ದರೆ ಮಳೆಯ ಮೇಲೆ ತಪ್ಪು ಹೊರಿಸಬೇಡಿ.

ಮಾರ್ಚ್‌ನಲ್ಲಿ ಇನ್ನೊಂದು ಗೊಂದಲ. ಹಳೆಯ ಎಲ್‌ಎನ್‌ಬಿ ಕಾದಾಗ ಅದರೊಳಗಿನ ಆಸಿಲೇಟರ್‌ನ ಆವರ್ತನ ಸರಿದು ಕೆಲವು ಚಾನೆಲ್‌ಗಳು ಲಾಕ್ ತಪ್ಪುತ್ತವೆ. ಇದೂ ಮಧ್ಯಾಹ್ನದ ದೋಷವೇ. ವ್ಯತ್ಯಾಸವೆಂದರೆ, ಕಾದ ಎಲ್‌ಎನ್‌ಬಿ ಸಂಜೆ ತಂಪಾಗುವವರೆಗೆ ಸುಧಾರಿಸುವುದಿಲ್ಲ, ಮೋಡದ ದಿನ ಸುಮ್ಮನಿರುತ್ತದೆ, ಏಪ್ರಿಲ್‌ನಲ್ಲೂ ಮುಂದುವರಿಯುತ್ತದೆ. ಅಂತಹದನ್ನು ಬದಲಾಯಿಸಲೇಬೇಕು.

ಅಡಿಕೆ ಮರದ ವಿಷಯ ಬೇರೆ. ತೋಟದ ಅಂಚಿನ ಮನೆಗಳಲ್ಲಿ ಡಿಶ್ ಕೂರಿಸಿದಾಗ ಮೊಣಕಾಲೆತ್ತರವಿದ್ದ ಸಸಿ ಕೆಲವು ವರ್ಷಗಳಲ್ಲಿ ಹೆಡೆ ಬಿಚ್ಚಿ ದಾರಿಗೆ ಅಡ್ಡ ಬರುತ್ತದೆ. ಗಾಳಿ ಬೀಸಿದಾಗಲೆಲ್ಲ ಚಿತ್ರ ಹೋಗಿ ಬರುತ್ತದೆ, ಹೊತ್ತುಗೊತ್ತಿಲ್ಲ. 83 ಡಿಗ್ರಿಯ ಉಪಗ್ರಹ ನಮಗೆ ದಕ್ಷಿಣ ಆಗ್ನೇಯಕ್ಕೆ ಸುಮಾರು 71 ಡಿಗ್ರಿ ಎತ್ತರದಲ್ಲಿ ಕಾಣುವುದರಿಂದ ಮರ ಅಡ್ಡ ಬರಬೇಕಾದರೆ ಅದು ಡಿಶ್‌ಗೆ ತೀರ ಹತ್ತಿರವಿರಬೇಕು. ಗುಡ್ಡ ಅಡ್ಡ ಬರುವುದಂತೂ ಅಪರೂಪ.

2022ರ ಅಕ್ಟೋಬರ್‌ನಲ್ಲಿ 5ಜಿ ಶುರುವಾದ ಮೇಲೆ ಮತ್ತೊಂದು ಅನುಮಾನ ಸೇರಿಕೊಂಡಿದೆ. 5ಜಿಯ ಒಂದು ಪಟ್ಟಿ 3,300ರಿಂದ 3,670 ಮೆಗಾಹರ್ಟ್ಸ್‌ವರೆಗೆ ಇದೆ, ನಮ್ಮ ಸಿ ಬ್ಯಾಂಡ್ 3,700ರಿಂದ ಆರಂಭ. ಟವರ್ ಹತ್ತಿರವಿದ್ದರೆ ಎಲ್‌ಎನ್‌ಬಿ ತುಂಬಿ ಉಸಿರುಗಟ್ಟುತ್ತದೆ. ಅಲ್ಲಿಯೂ ಸ್ಟ್ರೆಂತ್ ಏರಿ ಕ್ವಾಲಿಟಿ ಬೀಳುತ್ತದೆ, ಸೂರ್ಯನ ಹಾಗೆಯೇ. ಇಲ್ಲಿ ತೀರ್ಪು ಕೊಡುವುದು ಗಡಿಯಾರ ಮಾತ್ರ. ರಾತ್ರಿಯೂ ಬರುವ ತೊಂದರೆ ಸೂರ್ಯನದಲ್ಲ. ಅದಕ್ಕೆ ಫೀಡ್ ಮತ್ತು ಎಲ್‌ಎನ್‌ಬಿ ನಡುವೆ ಹಾಕುವ ಫಿಲ್ಟರ್ ಸಿಗುತ್ತದೆ.

ನಮ್ಮಲ್ಲಿ ಸೂರ್ಯನಿಲ್ಲ, ಹಬ್‌ನಲ್ಲಿದ್ದಾನೆ

ಬ್ಯಾಂಕ್ ಶಾಖೆ, ಎಟಿಎಂ ಇರುವ ಕಡೆ ವಿಸ್ಯಾಟ್ (ಉಪಗ್ರಹದ ಮೂಲಕ ಡೇಟಾ ಕಳುಹಿಸಿ ಪಡೆಯುವ ಸಣ್ಣ ಡಿಶ್) ನೋಡಿಕೊಳ್ಳುವವರು ಇದನ್ನು ಗಮನವಿಟ್ಟು ಓದಬೇಕು. ಮಾರ್ಚ್ 8ರ ಸುಮಾರಿಗೆ ಹೊಸನಗರದ ಶಾಖೆಯಲ್ಲಿ ಮಧ್ಯಾಹ್ನ ಕೆಲವು ನಿಮಿಷ ಲಿಂಕ್ ಹೋಗುತ್ತದೆ ಎಂದಿಟ್ಟುಕೊಳ್ಳಿ. ಪಟ್ಟಿಯ ಪ್ರಕಾರ ನಮ್ಮ ದಿನ ಇನ್ನೂ ಬಂದಿಲ್ಲ. ಮೋಡೆಮ್‌ನಲ್ಲಿ ನಾವು ಪಡೆಯುವ ಸಿಗ್ನಲ್ ಗಟ್ಟಿಯಾಗಿದೆ, ರಿಸೀವ್ ದೀಪ ಉರಿಯುತ್ತಲೇ ಇದೆ, ನೆಟ್‌ವರ್ಕ್ ದೀಪ ಮಾತ್ರ ಆರಿದೆ. ಶಾಖೆಯ ದೋಷವಲ್ಲ ಅದು. ಹಬ್, ಅಂದರೆ ಎಲ್ಲ ಶಾಖೆಗಳೂ ಉಪಗ್ರಹದ ಮೂಲಕ ಸೇರುವ ಮುಖ್ಯ ಕೇಂದ್ರ, ದೆಹಲಿಯ ಕಡೆ ಇದ್ದರೆ ಅಲ್ಲಿಯ ಔಟೇಜ್ ನಡೆಯುತ್ತಿದೆ. ದೆಹಲಿಗೆ ಉಪಗ್ರಹ ಇನ್ನಷ್ಟು ದಕ್ಷಿಣಕ್ಕೆ, ಸುಮಾರು 4.8 ಡಿಗ್ರಿ ಕೆಳಗೆ ಕಾಣುವುದರಿಂದ ಮಾರ್ಚ್‌ನಲ್ಲಿ ನಮಗಿಂತ ಸುಮಾರು ಆರು ದಿನ ಮೊದಲು, ಶರತ್ಕಾಲದಲ್ಲಿ ಆರು ದಿನ ತಡವಾಗಿ ಅಕ್ಟೋಬರ್ 4 ಅಥವಾ 5ಕ್ಕೆ ಸೂರ್ಯ ಅಲ್ಲಿಯ ಡಿಶ್ಶನ್ನು ಹಾಯುತ್ತಾನೆ. ನಾವು ಹಬ್ಬನ್ನು ಕೇಳಿಸಿಕೊಳ್ಳುತ್ತಿರುತ್ತೇವೆ, ಹಬ್‌ಗೆ ನಾವು ಕೇಳಿಸುವುದಿಲ್ಲ. ಹಬ್ ಬೆಂಗಳೂರಿನಲ್ಲಿದ್ದರೆ ಎರಡೂ ಔಟೇಜ್ ಹೆಚ್ಚುಕಡಿಮೆ ಒಂದೇ ಗಳಿಗೆಗೆ ಬಂದು ಒಂದಾಗಿಬಿಡುತ್ತವೆ.

ಹಾಗಾಗಿ ಉತ್ತರದಲ್ಲಿ ಹಬ್ ಇರುವ ಶಾಖೆಗೆ ಒಂದು ಋತುವಿನಲ್ಲಿ ಎರಡು ಸಲ ತೊಂದರೆ ಬರುತ್ತದೆ, ದೀಪಗಳ ಗುರುತು ಬೇರೆ ಬೇರೆ. ಇದು ತಿಳಿಯದೆ ಶಾಖೆಯ ಮೋಡೆಮ್ ಬದಲಿಸಿದ ಉದಾಹರಣೆಗಳಿವೆ. ಟಿವಿಯಲ್ಲೂ ಇದೇ ನ್ಯಾಯ: ಒಂದೇ ಡಿಶ್‌ನಲ್ಲಿ ಬರುವ ನೂರು ಚಾನೆಲ್‌ಗಳ ಪೈಕಿ ನಾಲ್ಕೈದು ಮಾತ್ರ ನಿಂತರೆ, ಆ ಚಾನೆಲ್‌ಗಳನ್ನು ಮೇಲಕ್ಕೆ ಕಳುಹಿಸುವ ಕೇಂದ್ರ ತಾನು ಅವನ್ನು ಪಡೆಯುವ ಡಿಶ್‌ನಲ್ಲಿ ಸೂರ್ಯನನ್ನು ಕಾಣುತ್ತಿರಬಹುದು.

ಸೂರ್ಯನಿಂದಲೇ ಡಿಶ್ ಪರೀಕ್ಷೆ

ಔಟೇಜ್ ಬಗ್ಗೆ ನನಗೆ ಗೌರವವಿರುವುದು ಈ ಕಾರಣಕ್ಕೆ. ದುಬಾರಿ ಉಪಕರಣವಿಲ್ಲದೆ ಡಿಶ್‌ನ ಗುರಿಯನ್ನು ಅಳೆದು ಕೊಡುವ ಅವಕಾಶ ಇದೊಂದೇ. ಕ್ವಾಲಿಟಿ ಇಳಿಯಲಾರಂಭಿಸಿದ ಹೊತ್ತು, ಮತ್ತೆ ಸರಿಯಾದ ಹೊತ್ತು ಬರೆದುಕೊಳ್ಳಿ, ಎರಡರ ನಡುವಿನ ಗಳಿಗೆ ತೆಗೆಯಿರಿ, ಪಟ್ಟಿಯೊಂದಿಗೆ ಹೋಲಿಸಿ. ಜಿಸ್ಯಾಟ್-30ಕ್ಕೆ 12:02ರ ಬದಲು 11:58 ಬಂದರೆ, ಡಿಶ್ ಸುಮಾರು ಒಂದು ಡಿಗ್ರಿ ಪೂರ್ವಕ್ಕೆ ನೋಡುತ್ತಿದೆ. ತಡವಾಗಿ ಬಂದರೆ ಪಶ್ಚಿಮಕ್ಕೆ. ಇನ್ನು ದಿನ: ಮಾರ್ಚ್‌ನಲ್ಲಿ ಸೂರ್ಯ ಉತ್ತರಕ್ಕೆ ಏರುತ್ತಿರುತ್ತಾನೆ. ಅತಿ ದೀರ್ಘ ಔಟೇಜ್ 14ರ ಬದಲು 12ಕ್ಕೇ ಬಂದರೆ ಡಿಶ್ ಮುಕ್ಕಾಲು ಡಿಗ್ರಿಯಷ್ಟು ಕೆಳಗೆ ಬಾಗಿದೆ. ಮಳೆಗಾಲದ ಗಾಳಿಗೆ ಕಂಬ ವಾಲಿದ್ದು ಎಷ್ಟೋ ಕಡೆ ಹೀಗೇ ಪತ್ತೆಯಾಗುತ್ತದೆ. ಲೆಕ್ಕಕ್ಕಿಂತ ಬಹಳ ಹೆಚ್ಚು ಹೊತ್ತು ಔಟೇಜ್ ಇದ್ದರೆ ಕ್ವಾಲಿಟಿ ಮೊದಲೇ ಅಂಚಿನಲ್ಲಿತ್ತು ಎಂದು ಅರ್ಥ. ಆಗ ಸ್ಪ್ಯಾನರ್ ಹಿಡಿಯಬಹುದು, ಆದರೆ ಬೇರೆ ಹೊತ್ತಿನಲ್ಲಿ, ಕ್ವಾಲಿಟಿ ನೋಡುತ್ತಾ.

ಸೂರ್ಯ ಹೋದರೂ ಚಾನೆಲ್ ಬರದಿದ್ದರೆ

ಲೆಕ್ಕದ ಅವಧಿಯ ಎರಡರಷ್ಟು ಕಾಯಿರಿ. ಕ್ವಾಲಿಟಿ ಬಂದಿದೆ ಆದರೆ ಚಿತ್ರವಿಲ್ಲ ಎಂದಾದರೆ ರಿಸೀವರ್ ಗಂಟುಬಿದ್ದಿದೆ, ಆಫ್ ಮಾಡಿ ಆನ್ ಮಾಡಿ. ಎರಡೂ ಅಂಕಿ ಸೊನ್ನೆಯಾಗಿದ್ದರೆ ರಿಸೀವರ್‌ನಿಂದ ಎಲ್‌ಎನ್‌ಬಿಗೆ ಹೋಗುವ 13 ಅಥವಾ 18 ವೋಲ್ಟ್ ಇದೆಯೇ ಅಳೆಯಿರಿ. ಇದ್ದರೆ ಮಾತ್ರ ಫೀಡ್‌ನ ಮುಚ್ಚಳ ನೋಡಲು ಮೇಲೆ ಹೋಗಿ.

ಮುಚ್ಚಳದ ವಿಷಯದಲ್ಲಿ ನಮ್ಮ ಕಡೆ ಒಂದು ಅಪಾಯಕಾರಿ ಅಭ್ಯಾಸವಿದೆ. ಮಳೆಗಾಲಕ್ಕೆ ತುಕ್ಕು ಹಿಡಿಯದಿರಲೆಂದು ಡಿಶ್‌ಗೆ ಹೊಳೆಯುವ ಬೆಳ್ಳಿ ಬಣ್ಣ ಬಳಿಯುತ್ತಾರೆ. ಕಾರ್ಖಾನೆಯಿಂದ ಬಂದ ಮಾಸಲು ಬಣ್ಣ ಬಿಸಿಲನ್ನು ಚದುರಿಸುತ್ತದೆ. ಹೊಳಪಿನ ಬಣ್ಣ ಬಿಸಿಲನ್ನು ಒಟ್ಟುಗೂಡಿಸಿ ಫೀಡ್‌ನ ಮೇಲೇ ಬಿಡುತ್ತದೆ, ಅದೂ ಸರಿಯಾಗಿ ಔಟೇಜ್‌ನ ದಿನಗಳಲ್ಲಿ. ಪ್ಲಾಸ್ಟಿಕ್ ಮುಚ್ಚಳ ಮೆತ್ತಗಾಗಿ ಸೊಟ್ಟಗಾಗುತ್ತದೆ, ಸೀಳುತ್ತದೆ. ಮಾರ್ಚ್‌ನಲ್ಲಿ ಬಿದ್ದ ಸೀಳಿನೊಳಗೆ ಜೂನ್‌ನಲ್ಲಿ ನೀರು ಇಳಿಯುತ್ತದೆ, ಆಗ ಕಾರಣ ಯಾರಿಗೂ ನೆನಪಿರುವುದಿಲ್ಲ. ಡಿಶ್‌ಗೆ ಬಣ್ಣ ಬೇಕಿದ್ದರೆ ಹೊಳಪಿಲ್ಲದ್ದನ್ನೇ ಬಳಿಯಿರಿ.

ಮೋಟಾರ್ ಇರುವ ದೊಡ್ಡ ಆಂಟೆನಾಗಳಲ್ಲಿ ಇನ್ನೊಂದು ಕಾರಣವಿದೆ. ಹೆಚ್ಚು ಶಕ್ತಿ ಎಲ್ಲಿದೆಯೋ ಅತ್ತ ತಿರುಗುವ ಸ್ವಯಂಚಾಲಿತ ಟ್ರ್ಯಾಕಿಂಗ್, ಔಟೇಜ್‌ನಲ್ಲಿ ಉಪಗ್ರಹವನ್ನು ಬಿಟ್ಟು ಸೂರ್ಯನ ಹಿಂದೆ ಹೋಗಿಬಿಡಬಹುದು. ಔಟೇಜ್‌ಗೆ ಮೊದಲು ಟ್ರ್ಯಾಕಿಂಗ್ ನಿಲ್ಲಿಸಿ ಆಂಟೆನಾವನ್ನು ಇದ್ದಲ್ಲೇ ಹಿಡಿದಿಡಬೇಕು, ಇಲ್ಲವೇ ಲೆಕ್ಕದ ಪ್ರಕಾರ ನಡೆಸಬೇಕು. ಉಪಗ್ರಹಗಳನ್ನೇ ನಡೆಸುವ ಕೇಂದ್ರಕ್ಕೂ ಈ ಸೂರ್ಯನಿಂದ ಬಿಡುಗಡೆಯಿಲ್ಲ. ಇಸ್ರೋದ ಭೂಸ್ಥಿರ ಉಪಗ್ರಹಗಳನ್ನು 1982ರಿಂದ ನೋಡಿಕೊಳ್ಳುತ್ತಿರುವ ಹಾಸನದ ಮುಖ್ಯ ನಿಯಂತ್ರಣ ಕೇಂದ್ರ ನಮ್ಮ ನೆರೆಯಲ್ಲೇ ಇದೆ, ಅಲ್ಲಿಯ ದಿನಾಂಕವೂ ನಮ್ಮದೇ. ಇಂತಹ ಕೇಂದ್ರ ಔಟೇಜ್‌ನಲ್ಲಿ ಕಳುಹಿಸಿದ ಆದೇಶ ಉಪಗ್ರಹವನ್ನು ಮುಟ್ಟುತ್ತದೆ, ಅದು ಕೊಡುವ ಉತ್ತರ ಕೇಳಿಸುವುದಿಲ್ಲ. ಉತ್ತರ ಕೇಳಿಸದ ಹೊತ್ತಿನಲ್ಲಿ ಮುಖ್ಯವಾದ ಯಾವ ಕೆಲಸವನ್ನೂ ಇಟ್ಟುಕೊಳ್ಳಬಾರದು. ಹಾಸನದ ಜೊತೆಗೆ ಭೋಪಾಲದಲ್ಲಿ 2005ರಲ್ಲಿ ಎರಡನೆಯ ಕೇಂದ್ರ ಆರಂಭವಾಯಿತು. ಹಾಸನಕ್ಕಿಂತ ಹತ್ತು ಡಿಗ್ರಿ ಉತ್ತರಕ್ಕಿರುವ ಆ ಊರಿನ ಔಟೇಜ್ ಬೇರೆ ದಿನಗಳಲ್ಲಿ ಬೀಳುತ್ತದೆ.

ಇದೇ ಋತುವಿನಲ್ಲಿ ಉಪಗ್ರಹ ಭೂಮಿಯ ನೆರಳಿಗೆ ಹೊಕ್ಕು, ಹೆಚ್ಚೆಂದರೆ 72 ನಿಮಿಷ ಬ್ಯಾಟರಿಯ ಮೇಲೆ ನಡೆಯುತ್ತದೆ. ಅದು ಗ್ರಹಣ, ನಡುರಾತ್ರಿಯ ಸುತ್ತ ಆಗುವಂಥದ್ದು, ಚಿತ್ರಕ್ಕೆ ತೊಂದರೆ ಕೊಡುವುದಿಲ್ಲ. ಔಟೇಜ್ ಜೊತೆ ಬೆರೆಸಬೇಡಿ.

ಮೊದಲೇ ಮಾಡಿಡಬೇಕಾದದ್ದು

ಔಟೇಜ್ ತಡೆಯಲು ಉಪಾಯವಿಲ್ಲ, ದಾಟಲು ಇದೆ. ಒಂದು ಚಾನೆಲ್ ಎರಡು ಉಪಗ್ರಹಗಳಲ್ಲಿ ಸಿಗುವುದಾದರೆ ಒಂದರ ಔಟೇಜ್‌ನಲ್ಲಿ ಇನ್ನೊಂದಕ್ಕೆ ಹೊರಳಿ. ಆಕಾಶದಲ್ಲಿ ಎರಡೂ ದೂರ ದೂರವಿದ್ದರೆ ಅವುಗಳ ಹೊತ್ತು ಕೂಡುವುದಿಲ್ಲ. ಫೈಬರ್ ಬಂದಿರುವ ಪೇಟೆಗಳಲ್ಲಿ ಮುಖ್ಯ ಚಾನೆಲ್‌ಗಳನ್ನು ಆ ವಾರ ಅದರಿಂದ ತೆಗೆದುಕೊಳ್ಳಬಹುದು. ವಿಸ್ಯಾಟ್ ಇರುವ ಶಾಖೆಗೆ ಮೊಬೈಲ್ ಡೇಟಾದ ಬದಲಿ ದಾರಿ ಕೊಡಿ, ಸಿಗ್ನಲ್ ಸಿಗದ ಕಣಿವೆಯಾದರೆ ದೊಡ್ಡ ಕಡತಗಳ ರವಾನೆಯನ್ನು ಆ ಗಳಿಗೆಯಿಂದ ಆಚೆ ಇರಿಸಿ.

ಫೆಬ್ರವರಿ ಕೊನೆಯಲ್ಲೊಮ್ಮೆ, ಸೆಪ್ಟೆಂಬರ್ ಮಧ್ಯದಲ್ಲೊಮ್ಮೆ ಪ್ರತಿ ಡಿಶ್‌ನ ಸ್ಟ್ರೆಂತ್ ಮತ್ತು ಕ್ವಾಲಿಟಿಯನ್ನು ಒಂದು ನೋಟ್‌ಬುಕ್‌ನಲ್ಲಿ ಬರೆದಿಡಿ. ಪಕ್ಕದಲ್ಲೇ ಆ ಡಿಶ್‌ನ ಔಟೇಜ್ ದಿನ ಮತ್ತು ಗಳಿಗೆಯನ್ನು ದಪ್ಪ ಅಕ್ಷರದಲ್ಲಿ ಬರೆದು ರ‍್ಯಾಕ್‌ಗೆ ಅಂಟಿಸಿ, ದೂರು ತೆಗೆದುಕೊಳ್ಳುವ ಹುಡುಗಿಯ ಮೇಜಿನ ಮೇಲೂ ಒಂದು ಪ್ರತಿ ಇರಲಿ. “ಹನ್ನೆರಡೂಕಾಲಿಗೆ ಬರುತ್ತದೆ ಅಮ್ಮಾ, ಈ ವಾರ ದಿನವೂ ಹೀಗೆ ಹತ್ತು ನಿಮಿಷ ಹೋಗುತ್ತದೆ” ಎಂದು ಆಕೆ ಫೋನಿನಲ್ಲಿ ಖಚಿತವಾಗಿ ಹೇಳಬಲ್ಲವಳಾದರೆ, ಅರ್ಧ ದೂರುಗಳು ಅಲ್ಲಿಗೇ ಮುಗಿಯುತ್ತವೆ.